ಮಾವನ ಪಲ್ಟನ್ ದಾಖಲೆಯಲ್ಲಿ ನಮ್ಮ ಅಕ್ಕ

ನಮ್ಮ ಸೋದರಮಾವನ ಪಿಂಚಣಿ ಪುಸ್ತಕವನ್ನು ನಾನು ಮೊದಲ ಸಲ ಓದಿದ್ದು ಅಮ್ಮಿನಬಾವಿಯ ಅವನ ಮನೆಯ ಪಡಸಾಲೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಹಳೆಯ ಪುಸ್ತಕ ಹರಿದುಹೋಗಿತ್ತೆಂದು ಧಾರವಾಡದ ಖಜಾನೆಯವರು ಹೊಸದನ್ನು ತರಿಸಿಕೊಟ್ಟಿದ್ದರು. ಪಲ್ಟನ್ನಿನ ಮೂಲ ದಾಖಲೆಯಲ್ಲಿದ್ದುದನ್ನೆಲ್ಲ ಅದರ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ನಕಲು ಮಾಡಿದ್ದರು. ಎತ್ತರ, ಎದೆಯ ಅಳತೆ, ಎಡಹುಬ್ಬಿನ ಮೇಲಿನ ಕಲೆ, ಊರು, ತಾಲೂಕು ಎಲ್ಲವೂ ಸರಿಯಾಗಿದ್ದವು. ಕೆಳಗೆ ಇನ್ನೆರಡು ಸಾಲುಗಳಿದ್ದವು. ಮದುವೆ: ಆಗಿಲ್ಲ. ಹತ್ತಿರದ ಸಂಬಂಧಿ: ಅಕ್ಕನ ಮಗಳು. ಅದರ ಮುಂದೆ ನಮ್ಮ ಅಕ್ಕನ ಹೆಸರು.

ಅಕ್ಕ ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಮಾವನ ಹೆಂಡತಿ. ನಮ್ಮ ಅವ್ವ ತನ್ನ ತಮ್ಮನಿಗೇ ಮಗಳನ್ನು ಕೊಟ್ಟಿದ್ದಳು. ನಮ್ಮ ಕಡೆ ಅದು ಹೇಳಿಕೊಳ್ಳುವಂಥ ಸಂಗತಿಯೂ ಅಲ್ಲ. ಅಕ್ಕನ ಮಗಳು ಮನೆಯಲ್ಲಿರುವಾಗ ಬೇರೆ ಹೆಣ್ಣು ನೋಡಲು ಹೋದರೆ ಅದು ಸುದ್ದಿ.

ನಾನು ಓದಿ ಹೇಳಿದಾಗ ಮಾವ ತೊಡೆ ತಟ್ಟಿಕೊಂಡು ನಕ್ಕ.

"ಏ ಅಳಿಯಾ, ಸರಕಾರದ ಲೆಕ್ಕದಾಗ ನಾ ಇನ್ನೂ ವರಾ ಅದೇನಿ ನೋಡು. ಎಲ್ಲಾದ್ರೂ ಛಲೋ ಹೆಣ್ಣಿದ್ರ ಹೇಳು."

ಒಳಗಿನಿಂದ ಅಕ್ಕ ಅಂದಳು: "ಕೆಮ್ಮಿ ಕೆಮ್ಮಿ ಊರು ಎಬ್ಬಸೂ ಮುದುಕಗ ಯಾರು ಕೊಡ್ತಾರ? ರೊಟ್ಟಿ ಆರಾಕತ್ತಾವು, ಬರ್ರಿ ಇಬ್ರೂ."

ನಾನು ನಗಲಿಲ್ಲ. ಜರ್ಮನ್ ಯುದ್ಧದಲ್ಲಿ ಬಸರಾದ ಕಡೆ ಹೊಕ್ಕ ಗುಂಡಿನ ಚೂರೊಂದು ಮಾವನ ಎದೆಯಲ್ಲಿ ಉಳಿದುಬಿಟ್ಟಿತ್ತು. ಪಿಂಚಣಿ ಕೊಟ್ಟದ್ದು ಅದಕ್ಕೇ. ಆ ಗಾಯದಿಂದಲೇ ಅವನು ಸತ್ತರೆ ಪಿಂಚಣಿ ಹೆಂಡತಿಗೆ ಮುಂದುವರಿಯುತ್ತದೆ, ಬೇರೆ ಯಾರಿಗೂ ಇಲ್ಲ ಎಂದು ಅದೇ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿತ್ತು. ಅಕ್ಕನಿಗೆ ಇಬ್ಬರು ಸಣ್ಣ ಮಕ್ಕಳಿದ್ದರು. ಮಾವನ ಕೆಮ್ಮಿನಲ್ಲಿ ಆ ವರ್ಷ ರಕ್ತ ಕಾಣಿಸಿಕೊಳ್ಳತೊಡಗಿತ್ತು.

ಊಟ ಮಾಡುತ್ತ ಕೇಳಿದೆ, ಹೀಗೆ ಯಾಕೆ ಬರೆಸಿದೆ ಎಂದು. ಮಾವ ಹೇಳಿದ. ಭರ್ತಿಯ ದಿನ ಧಾರವಾಡದ ಕಚೇರಿಗೆ ಅವನ ಜೊತೆ ನಮ್ಮ ಅಪ್ಪನೂ ಹೋಗಿದ್ದ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅಕ್ಕನನ್ನು ಇನ್ನೂ ಗಂಡನ ಮನೆಗೆ ಬಾಳಲು ಕಳಿಸಿರಲಿಲ್ಲ. ಬರೆದುಕೊಳ್ಳುವವನು ಎಲ್ಲಿಯೋ ಉತ್ತರದ ಕಡೆಯವನು, ಹಿಂದುಸ್ತಾನಿಯಲ್ಲಿ ಕೇಳುತ್ತಿದ್ದ. ಲಗ್ನವಾಗಿದೆಯೇ ಎಂದು ಕೇಳಿದ. ಹೆಣ್ಣು ಕೊಟ್ಟ ಮಾವ ಪಕ್ಕದಲ್ಲೇ ನಿಂತಿರುವಾಗ ನಮ್ಮಲ್ಲಿ ಯಾವ ಹುಡುಗನೂ ಆ ಮಾತಿಗೆ ಬಾಯಿ ಬಿಡುವುದಿಲ್ಲ. ಇವನೂ ನೆಲ ನೋಡಿದ, ಅವನು ಆಗಿಲ್ಲ ಎಂದು ಬರೆದುಕೊಂಡ. ಮನೆಯಲ್ಲಿ ಯಾರಿಗೆ ಕಾಗದ ಕಳಿಸಬೇಕು ಎಂದು ಕೇಳಿದಾಗ, "ನಮ್ಮ ಅಕ್ಕನ ಮಗಳು ಅದಾಳ" ಎಂದ.

"ಹೇಣ್ತಿ ಅನ್ನಾಕ ಏನಾಗಿತ್ತು ಮಾವಾ?"

"ನಿಮ್ಮಪ್ಪನ ಮಾರೀ ಮುಂದ? ನೀ ಅಂತಿದ್ದೇನು?"

ನಾನೂ ಅನ್ನುತ್ತಿರಲಿಲ್ಲ.

ಆಗ ನಾನು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಕೆಲಸಗಾರರ ಹೆಸರು, ವಯಸ್ಸು, ಮೈಮೇಲಿನ ಗುರುತು ಬರೆದಿಡುವ ಪುಸ್ತಕಗಳು ನನ್ನ ವಶದಲ್ಲಿದ್ದವು. ತಪ್ಪು ಬರೆದಿದ್ದರೆ ಅದನ್ನು ಕೆರೆದು ತೆಗೆಯಬಾರದು. ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರುವಂತಿರಬೇಕು, ಪಕ್ಕದಲ್ಲಿ ಕಾರಣ ಬರೆದು ರುಜು ಹಾಕಬೇಕು. ನನಗೆ ಕಲಿಸಿದ ಪದ್ಧತಿ ಇದು, ನನಗೆ ಇದು ಹಿಡಿಸಿತ್ತು ಕೂಡ. ಮಾವನ ಅರ್ಜಿಯನ್ನೂ ಹಾಗೆಯೇ ಬರೆದೆ. ಎರಡು ಪುಟ. ಅಕ್ಕನ ಮಗಳು ಎಂದು ಬರೆದದ್ದು ಸುಳ್ಳಲ್ಲ, ಆದರೆ ಅದು ಪೂರ್ತಿ ಅಲ್ಲ. ಆಕೆಯೇ ಅರ್ಜಿದಾರನ ಹೆಂಡತಿ. ಇಂಥ ಕಾರಣದಿಂದ ಹೀಗಾಯಿತು. ಆದ್ದರಿಂದ ಸಂಬಂಧದ ಕಾಲಮ್ಮನ್ನು ತಿದ್ದಬೇಕು. ಮಾವ ರುಜು ಮಾಡಿದ. ಪಲ್ಟನ್ನಿನಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ, ನಾಲಿಗೆ ಕಚ್ಚಿಕೊಂಡು.

ಐದು ತಿಂಗಳ ಮೇಲೆ ಪಲ್ಟನ್ನಿನ ದಾಖಲೆ ಕಚೇರಿಯಿಂದ ಉತ್ತರ ಬಂತು. ಅಕ್ಕನ ಮಗಳು ಯಾವಾಗ ತೀರಿಕೊಂಡಳು, ಸಿಪಾಯಿ ಆನಂತರ ಯಾವ ದಿನ ಮದುವೆಯಾದ ಎಂಬುದನ್ನು ತಿಳಿಸತಕ್ಕದ್ದು.

ಅಕ್ಕನಿಗೆ ಇದನ್ನು ಹೇಳಿದಾಗ, "ನಾ ಸತ್ತೇನಂತೇನು? ಮತ್ತ ಈ ಮುಸುರಿ ಯಾರು ತಿಕ್ಕಾಕತ್ತಾರಂತ ಕೇಳು" ಅಂದಳು.

ನಾನು ಮತ್ತೆ ಬರೆದೆ. ಯಾರೂ ತೀರಿಕೊಂಡಿಲ್ಲ, ಇಬ್ಬರೂ ಒಬ್ಬಳೇ. ಈ ಸಲ ಉತ್ತರ ಬೇಗ ಬಂತು, ಬಿರುಸಾಗಿಯೂ ಇತ್ತು. ಅಕ್ಕನ ಮಗಳೊಂದಿಗೆ ಮದುವೆ ನಿಷಿದ್ಧ ಸಂಬಂಧದೊಳಗೆ ಬರುತ್ತದೆ. ಅಂಥದ್ದನ್ನು ಕಚೇರಿ ದಾಖಲಿಸಲಾರದು. ಅರ್ಜಿದಾರನ ಜಾತಿಯಲ್ಲಿ ಅಂಥ ರೂಢಿಯಿದ್ದರೆ ಕಂದಾಯ ಅಧಿಕಾರಿಯ ಪ್ರಮಾಣಪತ್ರ ಬೇಕು. ಆ ಪತ್ರವನ್ನು ನಾನು ಮಾವನಿಗೆ ಪೂರ್ತಿ ಓದಿ ಹೇಳಲಿಲ್ಲ. "ನಿಷಿದ್ಧ" ಎಂಬಲ್ಲಿಗೆ ಬಂದಾಗ ಅವನ ನಾಲ್ಕು ವರ್ಷದ ಮಗಳು ಅವನ ತೊಡೆಯ ಮೇಲೆ ಕುಳಿತು ಅವನ ಮೀಸೆ ಎಳೆಯುತ್ತಿದ್ದಳು.

ಧಾರವಾಡದ ಮಾಮಲೇದಾರರು ಪುಣೆಯ ಕಡೆಯವರು. ಕಾಗದ ಓದಿ ಹುಬ್ಬು ಗಂಟಿಕ್ಕಿ, ಈ ಊರಿನಲ್ಲಿ ಇದು ನಿಜವೋ ಎಂದು ತಮ್ಮ ಶಿರಸ್ತೇದಾರರನ್ನು ಕೇಳಿದರು. ಶಿರಸ್ತೇದಾರರು ಧಾರವಾಡದವರೇ, ಅಂಗವಸ್ತ್ರ ಸರಿಪಡಿಸಿಕೊಂಡು ಹೇಳಿದರು: "ಖರೇ ಅದ ರಾವಸಾಹೇಬ್ರ. ನಮ್ಮ ಮನ್ಯಾಗಿನವ್ರೂ ನಮ್ಮ ಅಕ್ಕನ ಮಗಳೇ."

ಮಾಮಲೇದಾರರು ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಪ್ರಮಾಣಪತ್ರ ಬರೆಸಿದರು. ಆದರೆ ತಮ್ಮದೇ ಮಾತಿನಲ್ಲಿ: "ಈ ಭಾಗದ ಜನರಲ್ಲಿ ಇಂಥ ರೂಢಿಯಿದೆಯೆಂದು ಹೇಳುತ್ತಾರೆ." ಹೊರಗೆ ಬಂದಾಗ ಶಿರಸ್ತೇದಾರರು ನನ್ನ ಬೆನ್ನು ತಟ್ಟಿ, "ಹೇಳ್ತಾರಂತ, ನೋಡ್ರಿ. ನಾ ಅವರ ಎದುರಿಗೇ ನಿಂತಿದ್ದೆ" ಎಂದರು.

ಪ್ರಮಾಣಪತ್ರ ಹೋಯಿತು. ದಾಖಲೆ ಕಚೇರಿ ಅದನ್ನು ಗಮನಿಸಿತು, ಸಾಲದು ಎಂದಿತು. ರೂಢಿ ಇರಬಹುದು, ಈ ಮದುವೆ ನಡೆಯಿತೆಂಬುದಕ್ಕೆ ಏನು ಆಧಾರ? ಮದುವೆಯನ್ನು ಕಣ್ಣಾರೆ ಕಂಡ, ಎರಡೂ ಕಡೆಗೆ ಸಂಬಂಧವಿಲ್ಲದ ಸಾಕ್ಷಿಯನ್ನು, ಇಂಥ ದಿನ ಧಾರವಾಡಕ್ಕೆ ಬರುವ ಅಧಿಕಾರಿಯ ಮುಂದೆ ಹಾಜರುಪಡಿಸಬೇಕು.

ಸಂಬಂಧವಿಲ್ಲದವರು! ಆ ಮದುವೆಗೆ ಬಂದವರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡು ನಾನು ಒಂದು ಪಟ್ಟಿ ಮಾಡಿದೆ. ಚಿಕ್ಕಪ್ಪ, ಷಡ್ಡಕ, ಬೀಗ, ಬೀಗರ ಬೀಗ. ಲಗ್ನ ಮಾಡಿಸಿದ ಅಯ್ಯನವರು ತೀರಿಕೊಂಡಿದ್ದರು. ಕೊನೆಗೆ ಅವ್ವನಿಗೆ ನೆನಪಾಯಿತು, ಸನಾದಿ ಊದಿದವನು ಶಿರಗುಪ್ಪಿಯವನು ಎಂದು. ಹುಬ್ಬಳ್ಳಿಯಿಂದ ಚಕ್ಕಡಿ ಮಾಡಿಕೊಂಡು ಹೋದೆ. ಮುದುಕ ಬದುಕಿದ್ದ. ಹಲ್ಲು ಹೋಗಿ ಸನಾದಿ ಬಿಟ್ಟಿದ್ದ, ನೆನಪು ಹೋಗಿರಲಿಲ್ಲ.

"ಅಮ್ಮಿನಬಾವಿ ಲಗ್ನ? ಮರೀತೇನೇನ್ರಿ? ಎಲ್ಲಾರಿಗೂ ಬಿಸಿ ಹೋಳಿಗಿ, ನಮಗ ತಳ ಹತ್ತಿದ್ದು. ನಿಮ್ಮ ತಾಯೇರ ಬಡಸಿದ್ರು."

ಅವ್ವನ ಪರವಾಗಿ ನಾನು ಕ್ಷಮೆ ಕೇಳಿದೆ. ಮುದುಕ ಬರಲು ಒಪ್ಪಿದ.

ಆ ದಿನ ಜಿಲ್ಲೆಯ ಸೈನಿಕರ ಕಚೇರಿಯ ಒಂದು ಕೋಣೆಯಲ್ಲಿ ಗೋರಾ ಅಧಿಕಾರಿಯೊಬ್ಬ ಕುಳಿತಿದ್ದ. ಪಕ್ಕದಲ್ಲಿ ದುಭಾಷಿ. ಅಧಿಕಾರಿ ಒರಟಾಗಿರಲಿಲ್ಲ. ಮಾವನಿಗೆ ಕುರ್ಚಿ ಕೊಡಿಸಿದ, ಯಾವ ಕಡೆ ಕಾದಾಡಿದೆ ಎಂದು ಕೇಳಿದ. ಇವತ್ತು ಮುಗಿಯಿತು ಎಂದು ನನಗೆ ಅನಿಸಿತು.

ಸನಾದಿಯವನನ್ನು ಕರೆದರು. ಲಗ್ನ ನೋಡಿದೆಯಾ? ನೋಡೇನ್ರಿ. ತಾಳಿ ಕಟ್ಟಿದ್ದು ನೋಡಿದೆಯಾ? ಆವಾಗ ಊದಾಕತ್ತಿದ್ನಿರಿ, ಕಣ್ಣು ತೆರಕೊಂಡ ಊದಿದ್ನಿ. ಈ ಮನುಷ್ಯನೇ ವರನೋ? ಇವರ್ರಿ, ಆಗ ಕೂದಲಿದ್ವು. ದುಭಾಷಿ ನಕ್ಕ, ಅಧಿಕಾರಿಯೂ ನಕ್ಕ. ಆಮೇಲೆ ಕಡತ ನೋಡಿ ಇನ್ನೊಂದು ಪ್ರಶ್ನೆ ಕೇಳಿಸಿದ. ಆ ಹುಡುಗಿ ಈ ಮನುಷ್ಯನಿಗೆ ಏನಾಗಬೇಕು?

"ಅಕ್ಕನ ಮಗಳಾಗಬೇಕ್ರಿ" ಎಂದ ಮುದುಕ.

"ಅಕ್ಕನ ಮಗಳೋ, ಹೆಂಡತಿಯೋ? ಒಂದನ್ನು ಹೇಳು."

"ಒಂದ ಹೆಂಗ ಹೇಳ್ಲಿರಿ ಸಾಹೇಬ್ರ? ಅಕ್ಕನ ಮಗಳಂತನ ಹೇಣ್ತಿ ಆಗ್ಯಾಳ. ಅಕ್ಕನ ಮಗಳು ಇರದಿದ್ರ ಬ್ಯಾರೆ ಯಾವಾಕಿನ್ನೋ ಹುಡುಕ್ತಿದ್ರು."

ದುಭಾಷಿ ಇದನ್ನು ಹೇಗೆ ಹೇಳಿದನೋ, ಅಧಿಕಾರಿ ಲೇಖನಿ ಕೆಳಗಿಟ್ಟ. ಸಾಕ್ಷಿಯ ಮಾತಿನಲ್ಲಿ ಗೊಂದಲವಿದೆ ಎಂದು ಬರೆದುಕೊಳ್ಳಲು ಹೇಳಿದ. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಎದ್ದುನಿಂತು ಗೊಂದಲವಿಲ್ಲ, ಎರಡೂ ನಿಜ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನೀನು ಯಾರು ಎಂದು ಕೇಳಿದ. ಹೆಂಡತಿಯ ತಮ್ಮ ಎಂದೆ. ಮತ್ತೆ ಕೇಳಿದ, ಸಿಪಾಯಿ ನಿನಗೆ ಏನಾಗಬೇಕು? ತಾಯಿಯ ತಮ್ಮ ಎಂದೆ. ಕುಳಿತುಕೋ ಎಂದ.

ಆಗ ಮಾವ ಕುರ್ಚಿಯಿಂದ ಎದ್ದ. ಅವನ ಸಿಟ್ಟನ್ನು ನಾನು ಅಷ್ಟು ಹತ್ತಿರದಿಂದ ಅದೇ ಮೊದಲು ಕಂಡದ್ದು. "ಬಸರಾದಾಗ ಗುಂಡು ಹತ್ತಿದಾಗ ಯಾರನ್ನ ಕೇಳಿ ಹತ್ತಿತ್ರಿ? ಎರಡ ಮಕ್ಕಳ ಹಡದಾಳ ಆಕಿ. ಸಾಹೇಬ್ರಿಗೆ ಹೇಳು, ಅವು ಯಾರ ಮಕ್ಕಳಂತ ಬರಕೋತಾರಂತ ಕೇಳು!" ಅಷ್ಟರಲ್ಲಿ ಕೆಮ್ಮು ಬಂತು. ದುಭಾಷಿ ನೀರು ತಂದುಕೊಟ್ಟ. ಮಾವ ಕೇಳಿದ್ದನ್ನು ಅವನು ಸಾಹೇಬನಿಗೆ ಹೇಳಲಿಲ್ಲ.

ಹೊರಗೆ ಜಗಲಿಯ ಮೇಲೆ ಆ ಕಚೇರಿಯ ಹೆಡ್ ಕ್ಲಾರ್ಕ್ ನನ್ನನ್ನು ಪಕ್ಕಕ್ಕೆ ಕರೆದ. ವಯಸ್ಸಾದವನು, ಇಂಥ ಅರ್ಜಿಗಳನ್ನೇ ನೋಡುತ್ತ ಬಂದವನು.

"ಮೊದಲನೇ ಅರ್ಜಿ ಯಾರು ಬರದ್ರಿ?"

"ನಾನ ರೀ."

"ಭಾಳ ಶಾಣ್ಯಾ ಇದ್ದೀರಿ. ದಾಖಲೆಯಾಗ ಹೇಣ್ತಿ ಹೆಸರು ಬಿಟ್ಟೈತಿ, ಸೇರಿಸ್ರಿ ಅಂತ ಎರಡ ಸಾಲು ಬರದಿದ್ರ ಮುಗೀತಿತ್ತು. ಅಕ್ಕನ ಮಗಳು ಒಬ್ಬಾಕಿ ಆ ಕಾಲಮ್ಮಿನ್ಯಾಗ ತನ್ನ ಪಾಡಿಗೆ ತಾ ಇರ್ತಿದ್ಲು, ಹೇಣ್ತಿ ಒಬ್ಬಾಕಿ ಈ ಕಾಲಮ್ಮಿನ್ಯಾಗ ಇರ್ತಿದ್ಲು. ಇಬ್ರೂ ಒಬ್ಬಾಕೀನ ಅಂತ ಅವರಿಗೆ ಹೇಳಂದವ್ರು ಯಾರು?"

"ಹೆಸರು ಒಂದೇ ಇತ್ತಲ್ರಿ."

"ಒಂದ ಹೆಸರಿನವ್ರು ಒಂದ ಓಣ್ಯಾಗ ಹತ್ತು ಮಂದಿ ಸಿಗ್ತಾರ್ರಿ!"

ಇಂದಿಗೂ ಆ ಎರಡು ಸಾಲುಗಳನ್ನು ನಾನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಮನಸ್ಸಿನಲ್ಲೇ ಬರೆಯಬಲ್ಲೆ. ಹೆಡ್ ಕ್ಲಾರ್ಕ್ ಹೇಳಿದ್ದನ್ನು ಮಾವನಿಗೆ ಹೇಳಲಿಲ್ಲ. ಅಕ್ಕನಿಗೆ ಹೇಳಿದೆ, ಬಹಳ ತಡವಾಗಿ. "ನೀ ಖರೇ ಬರದಿ, ಬಿಡು" ಎಂದಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಆ ವರ್ಷ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಮಾವ ಧಾರವಾಡದ ಆಸ್ಪತ್ರೆಯಲ್ಲಿ ತೀರಿಕೊಂಡ. ಎದೆಯ ಚೂರಿನಿಂದಲೇ ಮರಣ ಎಂದು ಡಾಕ್ಟರರು ಸ್ಪಷ್ಟವಾಗಿ ಬರೆದುಕೊಟ್ಟರು. ನಾನು ಅದನ್ನು ಲಗತ್ತಿಸಿ ದಾಖಲೆ ಕಚೇರಿಗೆ ಕಳಿಸಿದೆ. ತಿದ್ದುಪಡಿ ಇನ್ನೂ ವಿಚಾರಣೆಯಲ್ಲಿದೆ, ದಯವಿಟ್ಟು ಬೇಗ ತೀರ್ಮಾನಿಸಬೇಕು ಎಂದು ಬರೆದೆ. ಉತ್ತರದಲ್ಲಿ ಒಂದೇ ವಾಕ್ಯವಿತ್ತು. ವೈಯಕ್ತಿಕ ವಿವರಗಳ ತಿದ್ದುಪಡಿಯನ್ನು ಸಿಪಾಯಿಯ ಸ್ವಂತ ಕೋರಿಕೆಯ ಮೇಲೆ, ಅವನ ಜೀವಿತಕಾಲದಲ್ಲಿ ಮಾತ್ರ ಮಾಡಲಾಗುವುದು, ಆದ್ದರಿಂದ ಕಡತ ಮುಗಿಸಲಾಗಿದೆ.

ಅದರ ಬೆನ್ನಿಗೇ ಒಂದು ಅಚ್ಚಿನ ನಮೂನೆ ಬಂತು. ಮೃತನ ಪಿಂಚಣಿಯ ಕೊನೆಯ ಉಳಿಕೆಯನ್ನು ಹತ್ತಿರದ ಸಂಬಂಧಿಗೆ ಕೊಡುವುದಾಗಿ, ಆಕೆ ಹೆಬ್ಬೆಟ್ಟು ಒತ್ತಿ ಕಳಿಸಬೇಕೆಂದು. ಒತ್ತುವ ಜಾಗದ ಕೆಳಗೆ ಟೈಪು ಮಾಡಿದ್ದರು: ಅಕ್ಕನ ಮಗಳು, ಮೃತನು ಅವಿವಾಹಿತ.

ನಾನು ಮಸಿಯ ಡಬ್ಬಿ ತೆಗೆದುಕೊಂಡು ಅಮ್ಮಿನಬಾವಿಗೆ ಹೋದೆ. ಓದಿ ಹೇಳಿದೆ. ಅಕ್ಕ ಕೈ ಚಾಚಲಿಲ್ಲ.

"ಇದನ್ನ ಒತ್ತಿದ್ರ ನಾ ಯಾರಾದೆ?"

"ಮಾವನ ಅಕ್ಕನ ಮಗಳು."

"ಮತ್ತ ಮೊನ್ನೆ ಬಳಿ ಒಡದ್ರಲ್ಲ, ಅವು ಯಾರ ಕೈಯಾಗಿನ್ವು?"

ನಾನು ಲೆಕ್ಕ ಹೇಳಿದೆ. ಒತ್ತದಿದ್ದರೆ ಪಿಂಚಣಿಯ ಹಾಗೆ ಈ ಉಳಿಕೆಯೂ ಬರುವುದಿಲ್ಲ. ಮಕ್ಕಳಿದ್ದಾರೆ. ಒತ್ತಿಬಿಡು, ನಮಗೆ ಗೊತ್ತಿದೆಯಲ್ಲ ನೀನು ಯಾರೆಂದು. ಅವಳು ನಮೂನೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು, ಓದು ಬರದವರು ನೋಡುವಂತೆ, ಮೇಲಿನಿಂದ ಕೆಳಗೆ.

"ಅವ ಸತ್ತ ಮ್ಯಾಲೆ ಅವನ ಲಗ್ನಾ ಮುರ್ಯಾಕ ನನ್ನ ಬೆರಳ ಬೇಕೇನು ಅವರಿಗೆ? ಹಂಗ ಕಳಿಸಿಬಿಡು ತಮ್ಮಾ. ಖಾಲಿನ ಕಳಿಸು."

ಎರಡು ದಿನ ಹೇಳಿದೆ. ಅವ್ವನೂ ಹೇಳಿದಳು. ಮೂರನೆಯ ದಿನ ನಮೂನೆಯನ್ನು ಖಾಲಿಯಾಗಿ, ರಜಿಸ್ಟರ್ ಮಾಡಿ ಕಳಿಸಿದೆ. ಅಕ್ಕ ಮಕ್ಕಳನ್ನು ಕರೆದುಕೊಂಡು ಹುಬ್ಬಳ್ಳಿಗೆ ನನ್ನ ಮನೆಗೆ ಬಂದಳು. ಹಂಗಿನಲ್ಲಿರಲು ಒಪ್ಪದೆ ಹತ್ತಿಯ ಜಿನ್ನಿನಲ್ಲಿ ಹತ್ತಿ ಹಸನು ಮಾಡುವ ಕೆಲಸಕ್ಕೆ ಸೇರಿದಳು. ಸಂಜೆ ಬಂದಾಗ ಅವಳ ಹುಬ್ಬುಗಳ ಮೇಲೆಲ್ಲ ಅರಳೆ ಕುಳಿತಿರುತ್ತಿತ್ತು.

ಮರುವರ್ಷ ದಾಖಲೆ ಕಚೇರಿಯಿಂದ ಕೊನೆಯ ಕಾಗದ ಬಂತು. ಮೃತ ಸಿಪಾಯಿಯ ಹತ್ತಿರದ ಸಂಬಂಧಿ ಪತ್ತೆಯಾಗದ ಕಾರಣ ಉಳಿಕೆಯನ್ನು ಸರಕಾರಕ್ಕೆ ಜಮಾ ಮಾಡಲಾಗಿದೆ. ಕಾಗದವನ್ನು ಅವಳ ಹೆಸರಿಗೇ, ನನ್ನ ಮನೆಯ ವಿಳಾಸಕ್ಕೇ ಬರೆದಿದ್ದರು. ಅಂಚೆಯವನು ಅದನ್ನು ಅವಳ ಕೈಗೇ ಕೊಟ್ಟುಹೋದ.