ಫೈಲಿನಲ್ಲಿ ಉಳಿದ ಮುಖ

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ದೇಲಂಪಾಡಿ ಕಡೆಯ ಒಂದು ಶಾಲೆಯ ವರಾಂಡದಲ್ಲಿ, ಎರಡನೇ ಕಂಬದ ಪಕ್ಕ ನಿಂತಿದ್ದೆ. ಅಲ್ಲಿ ಅಂಗವೈಕಲ್ಯ ಸರ್ಟಿಫಿಕೇಟಿನ ಕ್ಯಾಂಪು. ಮೇಜಿಗೂ ನನಗೂ ನಾಲ್ಕೇ ಹೆಜ್ಜೆ. ಕಂಡದ್ದು, ಕೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮೇಜಿನ ಮುಂದೆ ನಮ್ಮ ನೆರೆಮನೆಯ ಲಲಿತಕ್ಕ, ಮಗಳು ವನಜ. ವನಜಳಿಗೆ ಇಪ್ಪತ್ತಾರು. ಹುಟ್ಟಿನಿಂದಲೇ ಎಡಗೆನ್ನೆಯಲ್ಲಿ ದೊಡ್ಡ ಬಾವು. ಆ ಬದಿಯ ಕಣ್ಣನ್ನೂ ಅದು ಮುಚ್ಚಿದೆ. (ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಕೀಟದ ಮದ್ದು ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು. ಅದರಿಂದಲೇ ಹೀಗಾಯಿತು ಎನ್ನಲು ನಾನು ಡಾಕ್ಟರಲ್ಲ. ಹೇಳಬೇಕಾದವರು ಇನ್ನೂ ಹೇಳಿಲ್ಲ.) ಸರ್ಟಿಫಿಕೇಟು ಸಿಕ್ಕಿದರೆ ಪಿಂಚಣಿ, ಇಲ್ಲವಾದರೆ ಇಲ್ಲ.

ಗುಮಾಸ್ತರು ಮಂಜೇಶ್ವರದವರು. ಅರ್ಜಿ ನೋಡಿದರು. "ಫೋಟೋದಲ್ಲಿ ಎಂತದೂ ಇಲ್ಲವಲ್ಲ ಅಕ್ಕ?"

ಮಲಯಾಳ ಭಾಷೆಯ ಆ ಅರ್ಜಿ ತುಂಬಿಸಿದ್ದು ನಾನು. ಫೋಟೋ ಅಂಟಿಸಿದ್ದೂ ನಾನೇ. ಅದು ಮದುವೆ ಪ್ರಪೋಸಲಿಗೆಂದು ತೆಗೆಸಿದ್ದು. ಸ್ಟುಡಿಯೋದವ ಕಂಪ್ಯೂಟರಿನಲ್ಲಿ ಬಲಗೆನ್ನೆ, ಬಲಗಣ್ಣನ್ನೇ ತಿರುಗಿಸಿ ಎಡಕ್ಕೆ ಕೂರಿಸಿದ್ದ, ಬಣ್ಣವನ್ನೂ ಬಿಳಿ ಮಾಡಿದ್ದ. ಒಂದು ಕಾಪಿ ಉಳಿದಿತ್ತು, ಲಲಿತಕ್ಕ ಅದನ್ನೇ ತಂದರು. ಚೆಂದ ಬಂದಿದೆ ಎಂದುಕೊಂಡು ಗಮ್ಮು ಹಚ್ಚಿದೆ. ದಿನಾ ನೋಡುವ ಮುಖ ಅದಲ್ಲ ಎಂದು ನನಗೇಕೆ ಅನಿಸಲಿಲ್ಲ?

"ಅವಳೇ ಇಲ್ಲಿ ನಿಂತಿದ್ದಾಳಲ್ಲ ಮಾರಾಯರೆ, ನೋಡಿ," ಅಂದರು ಲಲಿತಕ್ಕ.

"ನಾನು ನೋಡಿದ್ರೆ ಸಾಕಾಗುದಿಲ್ಲ ಅಕ್ಕ, ಫೈಲಿನಲ್ಲಿ ಕಾಣ್ಬೇಕು. ಮುಂದಿನ ಕ್ಯಾಂಪಿಗೆ ಬೇರೆ ಫೋಟೋ ತನ್ನಿ."

"ಅದು ಯಾವಾಗ?"

"ಮೇಲಿನಿಂದ ಆರ್ಡರ್ ಬರ್ಬೇಕು."

ಸಾಲಿನಲ್ಲಿ ಹಿಂದೆ ಇದ್ದ ಐಸಮ್ಮ ಸುಮ್ಮನಿರಲಿಲ್ಲ. "ಚೆಂದ ಇರುದು ಫೋಟೋ ಅಲ್ವಾ? ಅದಕ್ಕೆ ಪಿಂಚಣಿ ಬೇಡ. ಹುಡುಗಿಗೆ ಕೊಡಿ ಸಾರ್!"

ಸಾಲಿಡೀ ನಕ್ಕಿತು. ಗುಮಾಸ್ತರೂ ನಕ್ಕರು. ನಗುತ್ತಲೇ 'ಫೋಟೋದಲ್ಲಿ ನ್ಯೂನತೆ ಕಾಣುವುದಿಲ್ಲ' ಎಂದು ಬರೆದರು.

ವನಜ ನಗಲಿಲ್ಲ. ಬಗ್ಗಿ, ಆ ಫೋಟೋವನ್ನು ಬೆರಳಿನಿಂದ ಮುಟ್ಟಿದಳು. "ಸಾರ್, ಇದನ್ನು ಕಿತ್ತು ನನಗೆ ಕೊಡ್ತೀರಾ? ಬೇರೆ ಕಾಪಿಯೆಲ್ಲ ಗಂಡಿನ ಕಡೆಯವರ ಹತ್ತಿರ ಉಂಟು. ಯಾರೂ ವಾಪಸ್ ಕೊಡ್ಲಿಲ್ಲ."

"ಫೈಲಿಗೆ ಹೋದದ್ದು ಕೊಡ್ಲಿಕ್ಕಾಗುದಿಲ್ಲ ತಂಗಿ."

ಅವಳ ಬೆರಳು ಫೋಟೋದ ಮೇಲೆಯೇ ಇತ್ತು. ಆ ಮುಖ ಅವಳಿಗೆ ಬೇಕಿತ್ತು. ಸರ್ಟಿಫಿಕೇಟಿಗಿಂತ ಹೆಚ್ಚು ಬೇಕಿತ್ತೋ ಏನೋ, ನಾನು ಕೇಳಲಿಲ್ಲ. ಈ ಕೆನ್ನೆಗೆ ಗಂಡು ಸಿಗುವುದಿಲ್ಲ ಎಂದವರು ನಾವು, ಊರಿನವರು. ಫೋಟೋದ ಆ ಕೆನ್ನೆಗೆ ಪಿಂಚಣಿ ಇಲ್ಲ ಎಂದದ್ದು ಸರಕಾರ. ನಡುವೆ ಅವಳು ಯಾವ ಮುಖ ಹೊತ್ತು ಮನೆಗೆ ಹೋಗಬೇಕು?

ಅರ್ಹರು ಯಾರೂ ಬರಲೇ ಇಲ್ಲ ಎಂದು ನಾಳೆ ಕ್ಯಾಂಪಿನ ವರದಿಯಲ್ಲಿ ಬರೆಯಬಹುದು. ವನಜ ಬಂದು ನಿಂತದ್ದನ್ನು ಲಲಿತಕ್ಕ ನೋಡಿದ್ದಾರೆ, ಐಸಮ್ಮ ನೋಡಿದ್ದಾರೆ, ಆ ಗುಮಾಸ್ತರು ನೋಡಿದ್ದಾರೆ, ನಾನು ನೋಡಿದ್ದೇನೆ. ನಾಲ್ವರೂ ಬದುಕಿದ್ದೇವೆ; ನಮ್ಮನ್ನು ಕೇಳುವವರು ಯಾರು?