ಅಕ್ಕ ಹೊತ್ತುಕೊಂಡ ತಪ್ಪು

ಐವತ್ತರ ದಶಕದ ನಡುವೆ, ನಾನು ಶಿರೋಳದಿಂದ ರೋಣಕ್ಕೆ ಸೊಸೆಯಾಗಿ ಬಂದ ವರ್ಷ. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿಗೆ ಎರಡು ದಿನವಿತ್ತು. ಅತ್ತೆ ಬಿತ್ತನೆಯ ಜೋಳವನ್ನು ಮಾಳಿಗೆಯ ಮೇಲೆ ಒಣಹಾಕಿ, ಕಾಯಲು ಸೊಸೆಯರಿಬ್ಬರಿಗೂ ಹೇಳಿ ಹೊಲಕ್ಕೆ ಹೋದರು. ಹಿರಿಯ ಸೊಸೆ, ನಾನು ಅಕ್ಕ ಎನ್ನುತ್ತಿದ್ದವಳು, ಕಾಳನ್ನು ನನಗೊಪ್ಪಿಸಿ ಬಟ್ಟೆ ಒಗೆಯಲು ಕೆರೆಗೆ ಹೋದಳು. ನಾನು ಪಕ್ಕದ ಮನೆಯಲ್ಲಿದ್ದ, ಸರಕಾರಿ ದವಾಖಾನೆಯ ನರ್ಸಬಾಯಿಯ ಹತ್ತಿರ ಕೂತೆ. ಆಕೆ ಕ್ರೈಸ್ತಳು, ಜನರ ಪಾಪಕ್ಕೆ ಬಂದ ಶಿಕ್ಷೆ ಹೊತ್ತು ದೇವರ ಮಗ ಶಿಲುಬೆಯ ಮೇಲೆ ಸತ್ತ ಕತೆ ಹೇಳುತ್ತಿದ್ದಳು. ಮಳೆ ಬಂದದ್ದು ತಿಳಿಯಲೇ ಇಲ್ಲ, ಕಾಳೆಲ್ಲ ನೆನೆದುಹೋಯಿತು.

ಸಂಜೆ ಅತ್ತೆ ಯಾರ ತಪ್ಪೆಂದು ಕೇಳಿದಾಗ ನಾನು ಅಕ್ಕನ ಬೆನ್ನ ಹಿಂದೆ ಸರಿದೆ. "ನಾನ ಮರತ್ನಿರಿ," ಎಂದಳು ಅಕ್ಕ.

ಮರುದಿನ ಹೊಳೆಆಲೂರಿನಿಂದ ಅವಳ ಅಣ್ಣ ಹಬ್ಬಕ್ಕೆ ಕರೆಯಲು ಬಂಡಿ ಕಟ್ಟಿಕೊಂಡು ಬಂದ. ಕಾಳು ಕೆಡಿಸಿದ ತಪ್ಪಿಗೆ ಅತ್ತೆ ಅವಳನ್ನು ಕಳಿಸಲಿಲ್ಲ. ನಾನು ಮಾತ್ರ ತವರಿಗೆ ಹೋದೆ. ಜೋಕಾಲಿ ಜೀಕಿದೆ, ಉಂಡಿ ತಿಂದೆ, ಯಾವುದೂ ರುಚಿಸಲಿಲ್ಲ.

ತಿರುಗಿ ಬಂದವಳೇ ನರ್ಸಬಾಯಿಯನ್ನು ಕೇಳಿದೆ: "ತಪ್ಪು ನಂದು, ಶಿಕ್ಷಾ ಅಕ್ಕಗ. ನಿಮ್ಮ ಕತಿನೂ ಹಂಗ ಐತಿ. ಇದ್ಯಾವ ನ್ಯಾಯರಿ?"

"ಆತ ತಾನಾಗೇ ಹೊತ್ತಾನವ್ವ, ನಿಮ್ಮಕ್ಕನಂಗ."

"ಅತ್ತಿಯಾರಿಗೆ ಗೊತ್ತಿರಲಿಲ್ಲ, ಶಿಕ್ಷಾ ಕೊಟ್ರು. ದೇವರಿಗೆ ಎಲ್ಲಾ ಗೊತ್ತಲ್ರಿ? ಸುಮ್ನ ಕ್ಷಮಾ ಮಾಡಬಾರದಾಗಿತ್ತಾ?"

ಆಕೆ, "ಶಿಕ್ಷಾ ಕೊಟ್ಟಾತನೂ ಆತನ, ಹೊತ್ತಾತನೂ ಆತನ," ಎಂದಳು. ಅಲ್ಲಿ ಕೂತಿದ್ದಾಗ ತಿಳಿದಂತಾಯಿತು. ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ ಗೋಜಲು.

ತಡೆಯಲಾಗದೆ ಅತ್ತೆಯ ಮುಂದೆ ನಿಜ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಿತ್ತು. ಮಳಿ ಬಂದಾಗ ಕೆರಿ ದಂಡ್ಯಾಗ ಅಕೀನ್ನ ನೋಡಿದ್ನಿ, ಮನ್ಯಾಗಿದ್ದಾಕಿ ನೀನ. ನಿಂದು ಮೊದಲನೇ ಪಂಚಮಿ, ನಿನ್ನ ಹ್ಯಾಂಗ ತಡೀಲಿ?"

"ಹಂಗಾರ ಅಕ್ಕನ್ನೂ ಕಳಸಬೇಕಿತ್ತಲ್ರಿ?"

"ಬೀಜ ಕೆಟ್ಟಿತ್ತಲ್ಲ. ಸುಮ್ನ ಬಿಟ್ರ ಹ್ಯಾಂಗ?"

ಗೊತ್ತಿದ್ದೂ ಶಿಕ್ಷಿಸಿದವರ ಮೇಲೆ ಸಿಟ್ಟಾಗಬೇಕೋ, ನನ್ನನ್ನು ಉಳಿಸಿದ್ದಕ್ಕೆ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಹಿತ್ತಲಲ್ಲಿದ್ದ ಅಕ್ಕನ ಬಳಿ ಹೋಗಿ, ಎಲ್ಲ ಹೇಳಿಬಿಟ್ಟೆ ಎಂದೆ. ಸಮಾಧಾನವಾದೀತು ಅಂದುಕೊಂಡಿದ್ದೆ. ಅವಳ ಕಣ್ಣು ತುಂಬಿತು.

"ಯಾಕ ಹೇಳಿದಿ? ನಿನ್ನ ಸಲುವಾಗಿ ನಾ ಹಬ್ಬಕ್ಕ ತವರು ಬಿಟ್ಟದ್ದು ದಂಡ ಆತಲ್ಲ!"

ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಾನೇ ಕರೆದು ತಲೆ ಬಾಚಿದಳು. ಆ ವಿಷಯ ಮತ್ತೆ ನಮ್ಮ ನಡುವೆ ಬರಲಿಲ್ಲ. ಅಷ್ಟರಲ್ಲಿ ನರ್ಸಬಾಯಿಗೆ ನರಗುಂದಕ್ಕೆ ವರ್ಗವಾಯಿತು. ಆಕೆಯನ್ನು ಕೇಳುವುದು ಇನ್ನೂ ಬಹಳ ಇತ್ತು. ಎಲ್ಲಿಂದ ಶುರು ಮಾಡಬೇಕೆಂದೇ ನನಗೆ ಗೊತ್ತಿರಲಿಲ್ಲ.