ವಾರಿಜಕ್ಕನ ಬಕೆಟ್ಟು, ಮಿಲೆಟಸ್ಸಿನ ನೀರು

ಜೂನ್ ತಿಂಗಳಲ್ಲಿ ನಮ್ಮ ಬಚ್ಚಲಿನ ನೀಲಿ ಚುಕ್ಕೆಯ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ, ಕೆಂಪು ಚುಕ್ಕೆಯದರಲ್ಲಿ ತಣ್ಣೀರು. ಕಳೆದ ಭಾನುವಾರ ಮೈಸೂರಿನಿಂದ ರಜೆ ಮುಗಿಸಿ ಬಂದವಳು ಮರೆತು ನೀಲಿಯನ್ನೇ ತಿರುಗಿಸಿ ಬೆರಳು ಸುಟ್ಟುಕೊಂಡೆ. ಮಸ್ಕತ್ತಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ಕೆಂಡವಾಗಿರುತ್ತದೆ. ಅದಕ್ಕೇ ಎಲ್ಲರೂ ಗೀಸರ್ ಆರಿಸಿ, ಮನೆಯೊಳಗಿನ ತಂಪಿಗೆ ಅದರ ಹೊಟ್ಟೆಯಲ್ಲಿ ತಣಿದ ನೀರನ್ನು ಸ್ನಾನಕ್ಕೆ ಬಳಸುತ್ತಾರೆ.

ಇದನ್ನು ನನಗೆ ಕಲಿಸಿದವರು ವಾರಿಜಕ್ಕ. ನಾಲ್ಕು ವರ್ಷಗಳ ಹಿಂದೆ ಇಲ್ಲೇ ಮಸ್ಕತ್ತಿನ ಅಜೈಬಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದರು. ಉಡುಪಿ ಕಡೆಯವರು. ಗಂಡನ ಅಂಗಡಿ ದೂರದ ಸುವೈಕ್ ಎಂಬ ಊರಿನಲ್ಲಿ, ಅವರು ಬರುತ್ತಿದ್ದದ್ದು ವಾರಕ್ಕೊಮ್ಮೆ ಮನೆಗೆ. ಉಳಿದ ದಿನಗಳಲ್ಲಿ ಅವರಿಗೆ ಮಾತಿಗೊಬ್ಬರು ಬೇಕಿತ್ತು. ಸಿಕ್ಕಿದ್ದು ನಾನು, ಎಷ್ಟು ಕೇಳಿದರೂ ಒಂದೇ ಪದದಲ್ಲಿ ಉತ್ತರ ಕೊಡುವವಳು. ಅವರ ಅದೃಷ್ಟವನ್ನು ನೆನೆದರೆ ನನಗೇ ಪಾಪ ಅನ್ನಿಸುತ್ತದೆ.

ಆಗ ನಾನು ತತ್ತ್ವಶಾಸ್ತ್ರದ ಎಂ.ಎ. ಪ್ರಬಂಧ ಬರೆಯಲೆಂದು ಅಪ್ಪ ಅಮ್ಮನ ಬಳಿ ಬಂದಿದ್ದೆ. ವಿಷಯ, ಗ್ರೀಕ್ ತತ್ತ್ವಚಿಂತನೆಯ ಹುಟ್ಟು. ಮೊದಲ ಅಧ್ಯಾಯ ಕಳಿಸಿದ ಒಂದೇ ವಾರಕ್ಕೆ ಮಾರ್ಗದರ್ಶಕಿ ಮೇಡಂ ಅದನ್ನು ಹಿಂದಿರುಗಿಸಿದರು. “ನಲವತ್ತು ಪುಟ ಇದೆ, ನೀನು ಒಂದು ಪುಟದಲ್ಲೂ ಇಲ್ಲ. ‘ಎಲ್ಲವೂ ನೀರಿನಿಂದ ಬಂದದ್ದು’ ಅನ್ನೋ ಮಾತು ಯಾಕೆ ತತ್ತ್ವಜ್ಞಾನ? ನಿನ್ನ ಮಾತಲ್ಲಿ ಒಂದು ಪುಟ ಬರಿ. ತಿಂಗಳ ಕೊನೆಯೊಳಗೆ ಬರದಿದ್ದರೆ ಈ ವರ್ಷದ ಆಸೆ ಬಿಡು” ಎಂದು ಬರೆದಿದ್ದರು.

ಮನೆಯಲ್ಲಿ ನಾನು ಹೇಳಲಿಲ್ಲ. “ಎಲ್ಲಿಗೆ ಬಂತು?” ಎಂದು ಅಪ್ಪ ಕೇಳಿದಾಗಲೆಲ್ಲ “ನಡೀತಿದೆ” ಎನ್ನುತ್ತಿದ್ದೆ.

ಗ್ರೀಕರ ಆ ನೀರಿನ ಕಥೆ ನಿಮಗೂ ಗೊತ್ತಿರಬಹುದು. ಮಿಲೆಟಸ್ ಎಂಬ ಬಂದರು ಊರಿನಲ್ಲಿ ಒಬ್ಬ, ಎಲ್ಲದರ ಮೂಲ ನೀರು ಎಂದ. ಅವನ ನಂತರದವನು, ಅಲ್ಲ, ಅದು ರೂಪವೂ ಗಡಿಯೂ ಇಲ್ಲದ ಒಂದು ವಸ್ತು ಎಂದ. ಮೂರನೆಯವನು ಅದನ್ನೂ ಒಪ್ಪದೆ, ಮೂಲ ಗಾಳಿ, ಅದು ದಟ್ಟವಾದರೆ ನೀರು, ಇನ್ನೂ ದಟ್ಟವಾದರೆ ಮಣ್ಣು ಎಂದ. ಹೆಸರು ಹೇಳಿ ನಿಮಗೆ ಪರೀಕ್ಷೆಯ ನೆನಪು ತರಲಾರೆ. ಬಂದರಿನ ವ್ಯಾಪಾರವೇ ಈ ಚಿಂತನೆಯನ್ನು ಹುಟ್ಟಿಸಿತು ಎಂಬುದು ಮೇಡಂ ವಾದ. ನನಗದು ಪೂರ್ತಿ ಸರಿ ಕಂಡಿರಲಿಲ್ಲ. ಆದರೆ ಬರೆಯುವುದು ಹೇಗೆ? ಅವರ ಎದುರು ನಾನು ಕುರ್ಚಿಯ ತುದಿಯಲ್ಲಿ ಕೂರುವವಳು.

ತಿಂಗಳು ಮುಗಿಯಲು ಒಂದು ವಾರವಿತ್ತು. ನಮ್ಮ ಬಾಲ್ಕನಿಯಲ್ಲಿ ಏಸಿಯ ಪೈಪಿನ ಕೆಳಗೆ ಬಕೆಟ್ಟೊಂದು ತುಂಬಿದ್ದನ್ನು ಕಂಡು ಮೋರಿಗೆ ಸುರಿದೆ. ಪಕ್ಕದ ಬಾಲ್ಕನಿಯಿಂದ ವಾರಿಜಕ್ಕ ಕೂಗಿದರು.

“ಎಂತ ಮಾರಾಯ್ತಿ, ಚೆಲ್ಲಿಯೇ ಬಿಟ್ಟೆಯಾ? ನಿನ್ನ ಅಮ್ಮನ ಹತ್ರ ಕೇಳಿ ಇಟ್ಟದ್ದು ನಾನು, ಕರಿಬೇವಿನ ಗಿಡಕ್ಕೆ!”

“ಕೊಳೆನೀರು ಅಂದ್ಕೊಂಡೆ.”

“ಕೊಳೆಯಾ? ಎಲ್ಲಿಂದ ಬಂತು, ಹೇಳು ನೋಡುವ.”

“ಏಸಿಯಿಂದ.”

“ಏಸಿಗೆ ಯಾವ ನಲ್ಲಿ ಉಂಟು? ಎಂ.ಎ. ಅಂತೆ!”

ನಾನು ಬಕೆಟ್ಟನ್ನು ಮತ್ತೆ ಕೆಳಗಿಟ್ಟು ಪೈಪಿನ ತುದಿಯನ್ನು ಇಣುಕಿದೆ. ಅವರಿಗೆ ಅಷ್ಟು ಸಾಕಾಗಿತ್ತು.

“ಮೊದಲ ವರ್ಷ ನಾನೂ ಮೇಲಿನ ಮನೆಯವರದ್ದು ಸೋರುವುದು ಅಂತಲೇ ತಿಳ್ಕೊಂಡಿದ್ದೆ. ಹೋಗಿ ಜಗಳವೂ ಮಾಡಿದೆ. ವಾಚ್‌ಮನ್ ಹತ್ರ ಕೇಳಿದ್ರೆ, ದೇವರು ಕೊಟ್ಟದ್ದು, ಖಲಾಸ್, ಅಂದ. ಅದೂ ನನಗೆ ಸರಿ ಕಾಣ್ಲಿಲ್ಲ. ಮತ್ತೆ ಮೇಲಿನವರು ಬೀಗ ಹಾಕಿ ಊರಿಗೆ ಹೋದ್ರು. ಆದರೂ ಬಕೆಟ್ ತುಂಬ್ತದೆ! ಹಾಗೇ ನೋಡ್ತಾ ಬಂದೆ. ಮರಳುಗಾಡಿನ ಒಣಗಾಳಿ ಬೀಸಿದ ದಿನ ಏಸಿ ಎಷ್ಟು ಓಡಿದರೂ ಒಂದು ಲೋಟ ಇಲ್ಲ. ಸಮುದ್ರದ ಗಾಳಿ ಬಂದ ದಿನ ಎರಡು ಬಕೆಟ್. ಗಾಳಿಯಲ್ಲೇ ನೀರು ಉಂಟು ಅಂತ ಆಯ್ತಲ್ಲ?”

“ಮೇಲಿನ ಮನೆಯವರು?”

“ಅವರು ಬಂದ ಮೇಲೆ ಗೋಳಿಬಜೆ ಮಾಡಿ ತಗೊಂಡು ಹೋಗಿ, ನಾನು ಹೇಳಿದ್ದು ತಪ್ಪು ಅಂದೆ. ಅದರಲ್ಲಿ ಎಂತ ನಾಚಿಕೆ? ತಪ್ಪು ಅಂತ ಗೊತ್ತಾದ ಮೇಲೂ ಅದನ್ನೇ ಹಿಡ್ಕೊಂಡು ಕೂರ್ಲಿಕ್ಕೆ ಆಗ್ತದಾ?”

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬರೆದೆ. ಮೊದಲನೆಯವನ ಉತ್ತರ ತಪ್ಪೇ ಇರಬಹುದು, ಆದರೆ ಅದು ಯಾರು ಬೇಕಾದರೂ ನೋಡಿ ಅಲ್ಲವೆನ್ನಬಹುದಾದ ಉತ್ತರ. ಮುಂದಿನವರು ಹಾಗೇ ಅಂದರು, ಅವರನ್ನು ಯಾರೂ ಊರು ಬಿಡಿಸಲಿಲ್ಲ. ತತ್ತ್ವಚಿಂತನೆಯ ಹುಟ್ಟು ಅಲ್ಲಿದೆ. ಬಂದರುಗಳು ಬೇರೆ ಕಡೆಯೂ ಇದ್ದವು, ಬಂದರೊಂದೇ ಸಾಲದು. ಆದ್ದರಿಂದ ಮೇಡಂ ಅವರ ವಾದವನ್ನು ಒಪ್ಪಲಾರೆ. ಈ ಕೊನೆಯ ಸಾಲನ್ನು ಎರಡು ಸಲ ಅಳಿಸಿ, ಮೂರನೆಯ ಸಲ ಬರೆದು, ಮತ್ತೆ ಅಳಿಸುವಷ್ಟು ಹೊತ್ತು ಕೊಡದೆ ಕಳಿಸಿಬಿಟ್ಟೆ.

ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಫೋನು ಬಂತು.

“ಬಂದರಿನ ಬಗ್ಗೆ ನೀನು ಹೇಳಿದ್ದು ನನಗೆ ಒಪ್ಪಿಗೆ ಇಲ್ಲಮ್ಮ” ಎಂದರು ಮೇಡಂ. ನನ್ನ ವರ್ಷ ಹೋಯಿತು ಎಂದುಕೊಂಡೆ. “ಆದ್ರೆ ಜಗಳ ಆಡೋಕೆ ಕೊನೆಗೂ ಒಬ್ಬಳು ಸಿಕ್ಕಿದಳು. ಇದನ್ನೇ ಮೊದಲ ಪುಟ ಮಾಡ್ಕೊ. ಉಳಿದದ್ದು ಬರಿ, ಟೈಮಿದೆ.”

ಬಾಲ್ಕನಿಯ ನೆಲದ ಮೇಲೆ ಕುಳಿತುಬಿಟ್ಟೆ. ಜೂನ್ ಮಧ್ಯಾಹ್ನದ ಬಿಸಿಲಿಗೆ ಕಾದ ಆ ನೆಲದ ಮೇಲೆ ಯಾರೂ ಕೂರುವುದಿಲ್ಲ. ಎದ್ದದ್ದು ಸ್ವಲ್ಪ ಹೊತ್ತಿನ ಮೇಲೆ.

ವಾರಿಜಕ್ಕ ಈಗ ಸುವೈಕ್‌ನಲ್ಲೇ ಇದ್ದಾರೆ. ಕಳೆದ ಭಾನುವಾರ ಊಟಕ್ಕೆ ಕುಳಿತಾಗ ಅಪ್ಪ ನನ್ನ ಬೆರಳು ನೋಡಿ ಏನಾಯಿತೆಂದರು. ನಲ್ಲಿಯ ವಿಷಯ ಹೇಳಿದೆ. ಅದರ ಹಿಂದೆ ಮಾತಿನಲ್ಲಿ ವಾರಿಜಕ್ಕ ಬಂದರು, ಅವರ ಹಿಂದೆ ನಾಲ್ಕು ವರ್ಷ ಹೇಳದಿದ್ದದ್ದೂ ಬಂತು.

“ಒಂದು ವರ್ಷ ಹೋಗೋದ್ರಲ್ಲಿತ್ತು, ಬಾಯೇ ಬಿಡಲಿಲ್ವಲ್ಲೇ?”

“ಬೈತೀರಿ ಅಂತ.”

“ನಾನಾ? ಡಿಗ್ರೀಲಿ ನಂದೇ ಒಂದು ವರ್ಷ ಹೋಗಿದೆ. ನಿಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.”

“ಮದುವೆಗೆ ಮುಂಚೇನೇ ಗೊತ್ತಿತ್ತು” ಎಂದರು ಅಮ್ಮ ಅಡುಗೆಮನೆಯಿಂದ.

ನಕ್ಕು ಸುಸ್ತಾದ ಮೇಲೆ ಅಪ್ಪ ಸ್ವಲ್ಪ ಸಂಕೋಚದಿಂದ ಕೇಳಿದರು, “ಆ ಪ್ರಬಂಧ ನಾನು ಓದಬಹುದಾ?” ಅವರು ಈವರೆಗೆ ಕೇಳಿರಲಿಲ್ಲ. ನಾನೂ ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ, ನಾನೀಗ ಪಾಠ ಮಾಡುವ ದಾರ್ಸೈಟ್‌ನ ಶಾಲೆಗೆ ಹೊರಡುವ ಮುನ್ನ, ಪ್ರಬಂಧವನ್ನು ಕಪಾಟಿನಿಂದ ತೆಗೆದು ಅಪ್ಪನ ಕನ್ನಡಕದ ಪಕ್ಕದಲ್ಲಿಟ್ಟೆ. ಅದರ ಮೇಲೆ, ಅವರಿಗೆ ಒಪ್ಪಿಗೆಯಾಗದ ಕಡೆ ಗುರುತು ಹಾಕಲೆಂದು, ಒಂದು ಪೆನ್ಸಿಲ್ಲನ್ನು ಚೂಪು ಮಾಡಿ ಇಟ್ಟೆ.